ವಿದೇಶ ಪ್ರವಾಸದಲ್ಲಿ ನಗದು, ಕಾರ್ಡು, ಹಣ ವಿನಿಮಯ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕಾಕ್, ಬಾಲಿ, ವಿಯೆಟ್ನಾಂ, ಸಿಂಗಪುರ, ದುಬೈ, ಕಠ್ಮಂಡು. ಕರ್ನಾಟಕದಿಂದ ಮೊದಲ ಸಲ ವಿದೇಶ ಪ್ರವಾಸಕ್ಕೆ ಹೊರಡುವವರಲ್ಲಿ ಹೆಚ್ಚಿನವರು ಹೋಗುವುದು ಇಲ್ಲಿಗೇ. ಹೋಟೆಲ್ ಯಾವುದು, ಬೀಚ್ ಯಾವುದು ಎಂಬುದನ್ನು ಎಲ್ಲರೂ ತಿಂಗಳುಗಟ್ಟಲೆ ಹುಡುಕುತ್ತಾರೆ. ಹಣದ ವಿಚಾರ ಮಾತ್ರ ಹೊರಡುವ ಹಿಂದಿನ ದಿನ ನೆನಪಾಗುತ್ತದೆ. ನೆಂಟರು, ನೆರೆಹೊರೆಯವರು, ಸಹೋದ್ಯೋಗಿಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಕೂಡಿಸಿದ್ದೇನೆ. ಸುಲಭದವು ಮೊದಲು, ಕಾನೂನಿನ ಗಂಟುಗಳು ಕೊನೆಗೆ.

## ಹೊರಡುವ ಮುನ್ನ

ರೂಪಾಯಿಯನ್ನೇ ಒಯ್ದು ಅಲ್ಲಿ ಬದಲಾಯಿಸಿಕೊಂಡರೆ ಆಗುವುದಿಲ್ಲವೇ?

ಕೆಲವು ಕಡೆ ಆಗುತ್ತದೆ. ಬ್ಯಾಂಕಾಕಿನ ದೊಡ್ಡ ವಿನಿಮಯ ಅಂಗಡಿಗಳು, ಸಿಂಗಪುರದ ಲಿಟಲ್ ಇಂಡಿಯಾ, ದುಬೈ ಇಲ್ಲೆಲ್ಲ 500ರ ನೋಟಿಗೆ ಗಿರಾಕಿಗಳಿದ್ದಾರೆ. ದುಬೈ ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಮಳಿಗೆ 2019ರಿಂದ ರೂಪಾಯಿಯನ್ನೇ ತೆಗೆದುಕೊಳ್ಳುತ್ತಿದೆ. ಆದರೆ ವಿಯೆಟ್ನಾಂ, ಜಪಾನ್, ಯುರೋಪಿನಲ್ಲಿ ರೂಪಾಯಿ ಕೊಳ್ಳುವವರನ್ನು ಹುಡುಕುವುದೇ ಒಂದು ಕೆಲಸ. ಸಿಕ್ಕರೂ ಅವರು ಕೊಡುವ ದರ ಕೈ ಸುಡುತ್ತದೆ. ಭಾರತದ ನಿವಾಸಿಯೊಬ್ಬರು ಹೊರಗೆ ಒಯ್ಯಬಹುದಾದ ರೂಪಾಯಿ ನೋಟುಗಳ ಮಿತಿಯೂ 25,000 ಮಾತ್ರ. ಹಾಗಾಗಿ ಮರಳಿ ಬಂದಾಗ ಟ್ಯಾಕ್ಸಿಗೆ, ಊಟಕ್ಕೆ ಬೇಕಾಗುವ ಎರಡು ಮೂರು ಸಾವಿರ ಇಟ್ಟುಕೊಂಡು ಉಳಿದ ಹಣಕ್ಕೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ.

ಡಾಲರ್ ಕೊಳ್ಳಬೇಕೋ, ಆ ದೇಶದ ಹಣವನ್ನೇ ಕೊಳ್ಳಬೇಕೋ? ಎರಡು ಸಲ ಬದಲಾಯಿಸಿದರೆ ಎರಡು ಸಲ ನಷ್ಟವಲ್ಲವೇ?

ಕೇಳಲು ಹಾಗೇ ಅನ್ನಿಸುತ್ತದೆ. ಆದರೆ ಎರಡು ಸಣ್ಣ ನಷ್ಟಗಳು ಸೇರಿದರೂ ಒಂದು ದೊಡ್ಡ ನಷ್ಟಕ್ಕಿಂತ ಕಡಿಮೆ ಇರಬಹುದು. ಥಾಯ್ ಬಾತ್, ಸಿಂಗಪುರ ಡಾಲರ್, ದುಬೈಯ ದಿರ್ಹಮ್, ಯೂರೊ ಬೆಂಗಳೂರಿನ ಕೌಂಟರುಗಳಲ್ಲಿ ದಿನವೂ ಓಡಾಡುವ ಹಣ. ಅವುಗಳ ಕೊಳ್ಳುವ ಮತ್ತು ಮಾರುವ ದರದ ನಡುವೆ ಅಂತರ ಕಡಿಮೆ, ಅವನ್ನು ನೇರವಾಗಿ ಕೊಳ್ಳಿ. ವಿಯೆಟ್ನಾಂನ ಡಾಂಗ್, ಇಂಡೊನೇಷ್ಯದ ರುಪಯ ಹಾಗಲ್ಲ. ಅವು ಇಲ್ಲಿ ಅಪರೂಪದ ಸರಕು. ಇಟ್ಟುಕೊಂಡ ವ್ಯಾಪಾರಿ ತನ್ನ ಅಪಾಯಕ್ಕೆ ತಕ್ಕಂತೆ ಬೆಲೆ ಏರಿಸಿಯೇ ಮಾರುತ್ತಾನೆ. ಇಂಥ ಕಡೆಗೆ ಡಾಲರ್ ಒಯ್ದು ಅಲ್ಲಿಯ ಪೇಟೆಯಲ್ಲಿ ಬದಲಾಯಿಸುವುದೇ ಲಾಭ.

ಕಾಂಬೋಡಿಯದ ಕಥೆ ಇನ್ನೂ ಬೇರೆ. ಅಲ್ಲಿ ಡಾಲರೇ ಚಲಾವಣೆಯಲ್ಲಿದೆ. ಅಂಕೋರ್ ವಾಟ್‌ನ ಒಂದು ದಿನದ ಟಿಕೆಟ್ಟಿಗೆ 37 ಡಾಲರ್ ಎಂದೇ ಬರೆದಿರುತ್ತದೆ. ಒಂದು ಡಾಲರಿಗಿಂತ ಕಡಿಮೆಯ ಚಿಲ್ಲರೆಯನ್ನು, ಡಾಲರಿಗೆ ಸುಮಾರು 4,000ದ ಲೆಕ್ಕದಲ್ಲಿ, ಅವರ ರಿಯೆಲ್ ನೋಟುಗಳಲ್ಲಿ ಕೊಡುತ್ತಾರೆ. ಅಲ್ಲಿಗೆ ಹೋಗುವವರು 1, 5, 10ರ ಡಾಲರ್ ನೋಟುಗಳನ್ನು ಬೇಕೆಂದೇ ಕೇಳಿ ಪಡೆಯಬೇಕು.

ಒಂದು ವಾರಕ್ಕೆ ಎಷ್ಟು ನಗದು ಬೇಕಾಗುತ್ತದೆ?

ಇಡೀ ಖರ್ಚನ್ನು ಅಂದಾಜು ಮಾಡುವ ಬದಲು ನಗದು ಮಾತ್ರ ನಡೆಯುವ ಖರ್ಚುಗಳನ್ನು ಬರೆದುಕೊಳ್ಳಿ. ಬಾಲಿಯಲ್ಲಾದರೆ ದಿನದ ಬಾಡಿಗೆ ಕಾರಿನ ಚಾಲಕ, ದೇವಸ್ಥಾನದ ಪ್ರವೇಶ, ರಸ್ತೆ ಬದಿಯ ಎಳನೀರು, ವಾರುಂಗ್ ಎಂಬ ಸಣ್ಣ ಹೋಟೆಲುಗಳು. ಥಾಯ್ಲೆಂಡಿನಲ್ಲಾದರೆ ರಾತ್ರಿ ಸಂತೆ, ದ್ವೀಪದ ದೋಣಿ, ಸೊಂಗ್‌ತೇವ್ ಎಂಬ ಹಂಚಿಕೆಯ ಟ್ಯಾಕ್ಸಿ. ಹೋಟೆಲ್ ಬಿಲ್ಲು, ಮಾಲ್, ದೊಡ್ಡ ರೆಸ್ಟೊರೆಂಟ್, ಮೊದಲೇ ಕಾಯ್ದಿರಿಸುವ ಟಿಕೆಟ್ ಎಲ್ಲವೂ ಕಾರ್ಡಿಗೆ ಹೋಗುತ್ತವೆ.

ಸಿಂಗಪುರದಲ್ಲಿ ಮೆಟ್ರೊ ಗೇಟಿಗೂ ಬಸ್ಸಿಗೂ ಕಾರ್ಡ್ ತೋರಿಸಿದರೆ ಸಾಕು. ಅಲ್ಲಿ ನಗದು ಬೇಕಾಗುವುದು ಮುಖ್ಯವಾಗಿ ಹಾಕರ್ ಸೆಂಟರ್ ಎಂಬ ಅಗ್ಗದ ಊಟ ತಿಂಡಿಯ ತಾಣಗಳ ಕೆಲವು ಅಂಗಡಿಗಳಲ್ಲಿ. ದುಬೈಯೂ ಹೆಚ್ಚುಕಡಿಮೆ ಹಾಗೆಯೇ. ಜಪಾನ್ ಇಷ್ಟು ಮುಂದುವರಿದ ದೇಶ, ನಗದು ಯಾಕೆ ಎಂದುಕೊಂಡವರು ಚಿಕ್ಕ ಊರಿನ ರಾಮೆನ್ ಅಂಗಡಿಯ ಟಿಕೆಟ್ ಯಂತ್ರದ ಮುಂದೆ ನಾಣ್ಯಕ್ಕಾಗಿ ತಡಕಾಡುತ್ತಾರೆ. ನನ್ನ ಅಂದಾಜು ಹೇಳುವುದಾದರೆ, ವಿಮಾನ ಮತ್ತು ಹೋಟೆಲ್ ಬಿಟ್ಟು ಉಳಿದ ಖರ್ಚಿನಲ್ಲಿ ಬಾಲಿ, ವಿಯೆಟ್ನಾಂಗಳಿಗೆ ಅರ್ಧಕ್ಕಿಂತ ಹೆಚ್ಚು ನಗದಾಗಿರಲಿ, ಸಿಂಗಪುರ, ದುಬೈಗೆ ಕಾಲು ಭಾಗ ಸಾಕು.

ಗೂಗಲ್‌ನಲ್ಲಿ ಒಂದು ದರ, ಅಂಗಡಿಯಲ್ಲಿ ಇನ್ನೊಂದು. ಇದು ಮೋಸವೇ?

ಅಲ್ಲ. ಗೂಗಲ್ ತೋರಿಸುವುದು ಬ್ಯಾಂಕುಗಳು ತಮ್ಮತಮ್ಮಲ್ಲಿ ಕೋಟಿಗಟ್ಟಲೆ ವ್ಯವಹಾರ ಮಾಡುವಾಗಿನ ಮಧ್ಯದ ದರ. ಆ ದರಕ್ಕೆ ನಮಗೆ ನೋಟು ಯಾರೂ ಕೊಡುವುದಿಲ್ಲ. ನೋಟನ್ನು ತರಿಸಬೇಕು, ವಿಮೆ ಮಾಡಿಸಬೇಕು, ಕಪಾಟಿನಲ್ಲಿ ಇಟ್ಟು ಕಾಯಬೇಕು. ಆ ಖರ್ಚು ಮತ್ತು ಲಾಭ ಎರಡೂ ದರದೊಳಗೇ ಸೇರಿರುತ್ತವೆ. ನೋಡಬೇಕಾದದ್ದು ಆ ಅಂತರ ಎಷ್ಟು ಎಂಬುದನ್ನು.

ಲೆಕ್ಕ ಸರಳ. ಮಧ್ಯದ ದರ ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಅಂಗಡಿ 91.20ಕ್ಕೆ ಕೊಟ್ಟು 200 ರೂಪಾಯಿ ಸೇವಾ ಶುಲ್ಕ ಹಾಕುತ್ತದೆ. ಪಕ್ಕದ ಅಂಗಡಿ ‘ಕಮಿಷನ್ ಇಲ್ಲ’ ಎಂಬ ಫಲಕ ಹಾಕಿ 92.50ಕ್ಕೆ ಮಾರುತ್ತದೆ. ಸಾವಿರ ಡಾಲರಿಗೆ ಮೊದಲನೆಯದರಲ್ಲಿ 91,400, ಎರಡನೆಯದರಲ್ಲಿ 92,500. ಕಮಿಷನ್ ಇಲ್ಲದ ಅಂಗಡಿಯೇ 1,100 ರೂಪಾಯಿ ದುಬಾರಿಯಾಯಿತು. ಆದ್ದರಿಂದ ‘ದರ ಎಷ್ಟು’ ಎಂದು ಕೇಳಬೇಡಿ. ‘ಸಾವಿರ ಡಾಲರ್ ನನ್ನ ಕೈಗೆ ಬರಲು ಎಲ್ಲ ಸೇರಿ ಎಷ್ಟು ಕೊಡಬೇಕು’ ಎಂದು ಕೇಳಿ. ಈ ಒಂದೇ ಪ್ರಶ್ನೆ ಮೂರು ಕಡೆ ಕೇಳಿದರೆ ಯಾರು ದುಬಾರಿ ಎಂಬುದು ತಾನಾಗಿ ಹೊರಬೀಳುತ್ತದೆ.

ಇದರ ಮೇಲೆ ಜಿಎಸ್‌ಟಿ ಇದೆ, ಆದರೆ ಹೆದರುವಷ್ಟಲ್ಲ. ಒಂದು ಲಕ್ಷ ರೂಪಾಯಿವರೆಗಿನ ವಿನಿಮಯದಲ್ಲಿ ಶೇ 1ರಷ್ಟನ್ನು ಸೇವೆಯ ಮೌಲ್ಯ ಎಂದು ಹಿಡಿದು, ಅದರ ಮೇಲೆ ಶೇ 18 ತೆರಿಗೆ. ಲಕ್ಷಕ್ಕೆ 180 ರೂಪಾಯಿ ಆಗುತ್ತದೆ. ಜಿಎಸ್‌ಟಿ ಹೆಸರಿನಲ್ಲಿ ಸಾವಿರಗಟ್ಟಲೆ ಕೇಳಿದರೆ ಬಿಲ್ಲನ್ನು ಬಿಡಿಸಿ ತೋರಿಸುವಂತೆ ಹೇಳಿ.

ಎಲ್ಲಿ ಕೊಳ್ಳಬೇಕು? ಪರಿಚಯದವರೊಬ್ಬರು ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತಾರಂತೆ.

ಬ್ಯಾಂಕು ಅಥವಾ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ವಿನಿಮಯ ಸಂಸ್ಥೆಯಿಂದ ಮಾತ್ರ ಕೊಳ್ಳಿ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್, ಬೇಕಿದ್ದರೆ ವೀಸಾ ಪ್ರತಿ ಕೇಳುತ್ತಾರೆ. 50,000 ರೂಪಾಯಿ ದಾಟಿದರೆ ನಗದು ಕೊಟ್ಟು ಕೊಳ್ಳುವಂತಿಲ್ಲ, ಖಾತೆಯಿಂದ ಪಾವತಿಸಬೇಕು. ಇಷ್ಟನ್ನೂ ಕೇಳದೆ ನೋಟಿನ ಕಟ್ಟು ಎತ್ತಿ ಕೊಡುವವನು ನಿಮಗೆ ಉಪಕಾರ ಮಾಡುತ್ತಿಲ್ಲ. ಉಳಿಯುವುದು ಕೆಲವು ನೂರು ರೂಪಾಯಿ. ಸಿಕ್ಕಿಬಿದ್ದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಡಿ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು. ನೋಟು ಖೋಟಾ ಆಗಿದ್ದರೆ ಅವನ ಮೇಲೆ ದೂರು ಕೊಡುವುದಾದರೂ ಹೇಗೆ?

ಬಿಲ್ಲನ್ನು ಜೋಪಾನವಾಗಿಡಿ. ವಿಮಾನ ನಿಲ್ದಾಣದಲ್ಲಿ ಯಾರಾದರೂ ಪ್ರಶ್ನಿಸಿದರೆ ಉತ್ತರ ಆ ಬಿಲ್ಲೇ.

ಅಂಗಡಿಯವರು ಹಳೆಯ ನೋಟು ಕೊಟ್ಟರು. ಡಾಲರ್ ಡಾಲರೇ ಅಲ್ಲವೇ?

ಅಮೆರಿಕದಲ್ಲಿ ಹೌದು. ಅಲ್ಲಿಯ ಸರ್ಕಾರ ಹಳೆಯ ಡಾಲರ್ ನೋಟುಗಳನ್ನು ರದ್ದು ಮಾಡಿಲ್ಲ. ಆದರೆ ನೀವು ಹೋಗುತ್ತಿರುವುದು ಬಾಲಿಗೆ. ಅಲ್ಲಿಯ ಕೌಂಟರಿನವರು ನೋಟನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡುತ್ತಾರೆ. ಮಡಿಕೆ, ಶಾಯಿಯ ಗುರುತು, ಚಿಕ್ಕದೊಂದು ಮೊಹರು ಕಂಡರೂ ಪಕ್ಕಕ್ಕೆ ಸರಿಸುತ್ತಾರೆ, ಇಲ್ಲವೇ ದರ ಇಳಿಸುತ್ತಾರೆ. 2013ರ ಅಕ್ಟೋಬರಿನಲ್ಲಿ ಬಂದ, ನಡುವೆ ನೀಲಿ ಪಟ್ಟಿಯಿರುವ 100ರ ನೋಟುಗಳನ್ನೇ ಇಲ್ಲಿ ಕೇಳಿ ಪಡೆಯಿರಿ. ಆಗ್ನೇಯ ಏಷ್ಯಾದ ಹಲವು ಕಡೆ 100ರ ನೋಟಿಗೆ ಒಂದು ದರ, 20, 10ರ ನೋಟಿಗೆ ಅದಕ್ಕಿಂತ ಕಡಿಮೆ ದರ. ಬ್ಯಾಂಕಾಕಿನ ದರಫಲಕದಲ್ಲಿ ಡಾಲರಿಗೆ ಎರಡು ಮೂರು ಸಾಲುಗಳಿರುವುದು ಇದೇ ಕಾರಣಕ್ಕೆ. ನೋಟುಗಳನ್ನು ಪುಸ್ತಕದ ಹಾಳೆಗಳ ನಡುವೆ ಇಟ್ಟು ಒಯ್ಯಿರಿ, ಪರ್ಸಿನಲ್ಲಿ ಮಡಿಸಬೇಡಿ.

ಯೂರೊ ಕೊಳ್ಳುವಾಗ ಲೆಕ್ಕ ತಿರುವುಮುರುವು. 200ರ ನೋಟನ್ನು ಕಂಡರೆ ಚಿಕ್ಕ ಅಂಗಡಿಯವರು ತಲೆ ಅಲ್ಲಾಡಿಸುತ್ತಾರೆ. 500ರ ನೋಟಿನ ಬಿಡುಗಡೆ 2019ರಲ್ಲೇ ನಿಂತಿದೆ. ಅಲ್ಲಿಗೆ 20, 50ರ ನೋಟುಗಳೇ ಸರಿ.

ದರ ಇಳಿಯುವವರೆಗೆ ಕಾಯಲೇ?

ಒಂದು ವಾರದ ಪ್ರವಾಸದ ಹಣಕ್ಕೆ ಕಾಯುವುದರಲ್ಲಿ ಅರ್ಥವಿಲ್ಲ. ದರ ಏರಿಳಿದು ಉಳಿಯುವುದಕ್ಕಿಂತ ಹೆಚ್ಚನ್ನು ಒಳ್ಳೆಯ ಅಂಗಡಿ ಹುಡುಕಿ ಉಳಿಸಬಹುದು. ಮನಸ್ಸು ಒಪ್ಪದಿದ್ದರೆ ಅರ್ಧ ಈಗ, ಅರ್ಧ ಹೊರಡುವ ವಾರದಲ್ಲಿ ಕೊಳ್ಳಿ.

## ಕಾರ್ಡು ಮತ್ತು ಫೋನು

ಫಾರೆಕ್ಸ್ ಕಾರ್ಡ್ ಮಾಡಿಸಲೇಬೇಕೇ? ಇರುವ ಕ್ರೆಡಿಟ್ ಕಾರ್ಡ್ ಸಾಲದೇ?

ಫಾರೆಕ್ಸ್ ಕಾರ್ಡ್ ಎಂದರೆ ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡು ಹೋಗುವ ಕಾರ್ಡ್. ಸಾಧಾರಣ ಕ್ರೆಡಿಟ್ ಕಾರ್ಡನ್ನು ಹೊರದೇಶದಲ್ಲಿ ಉಜ್ಜಿದರೆ ಶೇ 2ರಿಂದ 3.5ರವರೆಗೆ ಮಾರ್ಕಪ್, ಅಂದರೆ ನಮ್ಮ ಬ್ಯಾಂಕು ಸೇರಿಸುವ ಶುಲ್ಕ, ಬೀಳುತ್ತದೆ. ಆ ಮಾರ್ಕಪ್ಪಿನ ಮೇಲೆ ಶೇ 18 ಜಿಎಸ್‌ಟಿ. ಶೇ 3.5 ಎನ್ನುವುದು ಕೊನೆಗೆ ಶೇ 4.13 ಆಗಿ ಬಿಲ್ಲಿನಲ್ಲಿ ಕಾಣುತ್ತದೆ. ಮಾರ್ಕಪ್ ಇಲ್ಲದ ಕಾರ್ಡುಗಳೂ ಈಗ ಸಿಗುತ್ತವೆ. ಅಂಥದ್ದು ಕೈಯಲ್ಲಿದ್ದರೆ ಫಾರೆಕ್ಸ್ ಕಾರ್ಡಿನ ಗೋಜಿಗೆ ಹೋಗಬೇಕಿಲ್ಲ.

ಫಾರೆಕ್ಸ್ ಕಾರ್ಡಿನ ಅನುಕೂಲವೆಂದರೆ, ತುಂಬಿದ ದಿನವೇ ದರ ಖಾಯಂ ಆಗುತ್ತದೆ, ಖರ್ಚೂ ಅದರಲ್ಲಿರುವ ಹಣವನ್ನು ಮೀರುವುದಿಲ್ಲ. ಆದರೆ ಡಾಲರ್ ತುಂಬಿದ ಕಾರ್ಡನ್ನು ಬಾಲಿಯಲ್ಲಿ ಬಳಸಿದರೆ ಡಾಲರಿನಿಂದ ರುಪಯಕ್ಕೆ ಬದಲಾಯಿಸಿದ್ದಕ್ಕೆ ಮತ್ತೆ ಶುಲ್ಕ. ಡಾಂಗ್, ರುಪಯಗಳನ್ನು ಸಾಮಾನ್ಯವಾಗಿ ಈ ಕಾರ್ಡುಗಳಿಗೆ ತುಂಬಲು ಬರುವುದಿಲ್ಲ. ಹಾಗಾಗಿ ಯೂರೊ, ಪೌಂಡ್, ಸಿಂಗಪುರ ಡಾಲರ್, ದಿರ್ಹಮ್ ನಡೆಯುವ ದೇಶಗಳಿಗೆ ಇದು ಚೆನ್ನ, ಬಾಲಿ ವಿಯೆಟ್ನಾಂಗಳಿಗೆ ಅಷ್ಟಕ್ಕಷ್ಟೆ.

ಇಲ್ಲಿ ಚೆನ್ನಾಗಿಯೇ ನಡೆಯುವ ಕಾರ್ಡು ಅಲ್ಲಿ ನಡೆಯಲಿಲ್ಲ. ಯಾಕೆ?

2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಚಾಲೂ ಮಾಡಬೇಕು. ಎಟಿಎಂ, ಅಂಗಡಿ, ಆನ್‌ಲೈನ್ ಮೂರಕ್ಕೂ ಬೇರೆ ಬೇರೆ ಗುಂಡಿ, ಬೇರೆ ಬೇರೆ ಮಿತಿ. ಹೊರಡುವ ಮುನ್ನ ಮನೆಯಲ್ಲಿ ಕುಳಿತೇ ಇದನ್ನು ಮುಗಿಸಿ, ಪಿನ್ ನೆನಪಿದೆಯೇ ನೋಡಿಕೊಳ್ಳಿ. ಬ್ಯಾಂಕಿನ ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಇರಲಿ. ಅಲ್ಲಿಯ ಸಿಮ್ ಹಾಕಿಕೊಂಡು ನಮ್ಮದನ್ನು ಸೂಟ್‌ಕೇಸಿನಲ್ಲಿ ಇಟ್ಟವರು ಒಟಿಪಿಗಾಗಿ ಪರದಾಡುತ್ತಾರೆ.

ಕಾರ್ಡ್ ಯಂತ್ರ ‘ರೂಪಾಯಿಯೋ ಬಾತೋ’ ಎಂದು ಕೇಳುತ್ತದೆ. ರೂಪಾಯಿ ಒತ್ತಿದರೆ ಲೆಕ್ಕ ತಿಳಿಯುತ್ತದಲ್ಲ?

ಲೆಕ್ಕ ತಿಳಿಯುತ್ತದೆ, ಹಣವೂ ಹೋಗುತ್ತದೆ. ಯಾವಾಗಲೂ ಆ ದೇಶದ ಹಣವನ್ನೇ ಒತ್ತಿ. ಇಡೀ ಬರಹದಲ್ಲಿ ಒಂದೇ ಉತ್ತರ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ನಡೆಯುವುದು ಹೀಗೆ. ಬಾತ್ ಆರಿಸಿದರೆ ಕಾರ್ಡಿನ ಜಾಲ ನಡೆಸುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿ ತನ್ನ ದರದಲ್ಲಿ ಲೆಕ್ಕ ಹಾಕುತ್ತದೆ. ಆ ದರ ಮಧ್ಯದ ದರಕ್ಕೆ ತೀರ ಹತ್ತಿರ. ರೂಪಾಯಿ ಆರಿಸಿದರೆ ದರ ನಿರ್ಧರಿಸುವುದು ಅಂಗಡಿಯವನ ಯಂತ್ರ ನಡೆಸುವ ಕಂಪನಿ. ಶೇ 4, 5, ಕೆಲವೊಮ್ಮೆ ಅದಕ್ಕೂ ಮೇಲೆ ಸೇರಿಸುತ್ತದೆ, ಅದರಲ್ಲಿ ಅಂಗಡಿಯವನಿಗೂ ಪಾಲು ಇರುತ್ತದೆ. ರೂಪಾಯಿಯಲ್ಲೇ ಕೊಟ್ಟೆನಲ್ಲ, ನಮ್ಮ ಬ್ಯಾಂಕಿನ ಶುಲ್ಕವಾದರೂ ಉಳಿಯಿತು ಎಂದು ಸಮಾಧಾನಪಟ್ಟುಕೊಳ್ಳುವಂತೆಯೂ ಇಲ್ಲ. ವಿದೇಶದ ಅಂಗಡಿಯಲ್ಲಿ ರೂಪಾಯಿಯಲ್ಲಿ ಪಾವತಿಸಿದ್ದಕ್ಕೆಂದೇ ಇನ್ನೊಂದು ಶುಲ್ಕ ಹಾಕುವ ಭಾರತೀಯ ಬ್ಯಾಂಕುಗಳಿವೆ.

ತೊಂದರೆ ಏನೆಂದರೆ, ಬಹಳ ಸಲ ಗುಂಡಿ ಒತ್ತುವುದು ನಾವಲ್ಲ. ಮಾಣಿ ಯಂತ್ರವನ್ನು ತನ್ನ ಕಡೆಗೆ ತಿರುಗಿಸಿ, ಭಾರತೀಯ ಕಾರ್ಡ್ ಎಂದು ಕಂಡ ಕೂಡಲೇ ರೂಪಾಯಿ ಒತ್ತಿ, ಪಿನ್ ಹಾಕಲಷ್ಟೇ ನಮ್ಮ ಮುಂದೆ ಹಿಡಿಯುತ್ತಾನೆ. ಪಿನ್ ಹಾಕುವ ಮುನ್ನ ಪರದೆಯಲ್ಲಿ ಯಾವ ಹಣದ ಹೆಸರಿದೆ ನೋಡಿ. ಚೀಟಿ ಬಂದ ಮೇಲೆ ಗೊತ್ತಾದರೆ ಅದನ್ನು ರದ್ದು ಮಾಡಿಸಿ ಮತ್ತೆ ಉಜ್ಜುವಂತೆ ಹೇಳಿ. ಸಂಕೋಚಪಡಬೇಡಿ, ಅವರಿಗೆ ಇದು ದಿನದ ಮಾತು. ಎಟಿಎಂನಲ್ಲೂ ಇದೇ ಬಲೆ ಇದೆ. ಅಲ್ಲಿ ‘ಪರಿವರ್ತನೆ ಒಪ್ಪಿದ್ದೇನೆ’ ಎಂಬ ಗುಂಡಿ ದೊಡ್ಡದಾಗಿ, ‘ಪರಿವರ್ತನೆ ಇಲ್ಲದೆ ಮುಂದುವರಿಸು’ ಎಂಬುದು ಮೂಲೆಯಲ್ಲಿ ಇರುತ್ತದೆ. ಎರಡನೆಯದನ್ನು ಒತ್ತಿದರೂ ಹಣ ಬರುತ್ತದೆ.

ಎಟಿಎಂನಿಂದ ತೆಗೆಯುವುದು ಅಗ್ಗವೇ?

ದೇಶವನ್ನು ನೋಡಿ ಹೇಳಬೇಕು. ಥಾಯ್ಲೆಂಡಿನಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲವೂ 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಶುಲ್ಕ. ಎರಡು ಸಾವಿರ ಬಾತ್ ತೆಗೆದರೆ ಹತ್ತನೇ ಒಂದು ಭಾಗಕ್ಕೂ ಮೇಲೆ ಅಲ್ಲೇ ಹೋಯಿತು. ಅಂಥ ಕಡೆ ಒಂದೇ ಸಲ ದೊಡ್ಡ ಮೊತ್ತ ತೆಗೆಯಬೇಕು, ಇಲ್ಲವೇ ಎಟಿಎಂ ಕಡೆ ಸುಳಿಯಬಾರದು. ನಮ್ಮ ಬ್ಯಾಂಕಿನ ಶುಲ್ಕ ಬೇರೆ ಇರುತ್ತದೆ. ಜಪಾನಿನಲ್ಲಿ ಸೆವೆನ್ ಇಲೆವೆನ್ ಅಂಗಡಿಗಳ ಒಳಗಿರುವ ಯಂತ್ರಗಳು ವಿದೇಶಿ ಕಾರ್ಡುಗಳನ್ನು ತಕರಾರಿಲ್ಲದೆ ತೆಗೆದುಕೊಳ್ಳುತ್ತವೆ. ಎಲ್ಲೇ ಆದರೂ ಬ್ಯಾಂಕಿನ ಕಟ್ಟಡಕ್ಕೆ ಹೊಂದಿದ ಯಂತ್ರವನ್ನು, ಬ್ಯಾಂಕು ತೆರೆದಿರುವ ಹೊತ್ತಿನಲ್ಲಿ ಬಳಸಿ. ಕಾರ್ಡು ನುಂಗಿಕೊಂಡರೆ ಒಳಗೆ ಹೋಗಿ ಕೇಳಬಹುದು. ಕ್ರೆಡಿಟ್ ಕಾರ್ಡಿನಿಂದ ಮಾತ್ರ ನಗದು ತೆಗೆಯಬೇಡಿ, ಬಡ್ಡಿ ಅಂದಿನಿಂದಲೇ ಓಡಲು ಶುರುವಾಗುತ್ತದೆ.

ಫೋನ್‌ಪೇ, ಗೂಗಲ್ ಪೇ ಅಲ್ಲಿ ನಡೆಯುತ್ತದಂತೆ, ಹೌದೇ?

ಭೂತಾನ್, ನೇಪಾಳ, ಸಿಂಗಪುರ, ಯುಎಇ, ಶ್ರೀಲಂಕಾ, ಮಾರಿಷಸ್, ಫ್ರಾನ್ಸ್‌ಗಳ ಆಯ್ದ ಅಂಗಡಿಗಳಲ್ಲಿ ಯುಪಿಐ ನಡೆಯುತ್ತದೆ. ಶ್ರೀಲಂಕಾ, ಮಾರಿಷಸ್‌ಗಳಲ್ಲಿ 2024ರ ಫೆಬ್ರವರಿಯಲ್ಲಿ ಆರಂಭವಾಯಿತು. ಐಫೆಲ್ ಗೋಪುರದ ಟಿಕೆಟ್ಟಿಗೂ ಅದೇ ಸಮಯಕ್ಕೆ ಬಂತು. ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಮೊದಲು ಚಾಲೂ ಮಾಡಬೇಕು, ಹಣ ಅಂಗಡಿಗೆ ಮಾತ್ರ ಹೋಗುತ್ತದೆ. ಥಾಯ್ಲೆಂಡಿನ ತಳ್ಳುಗಾಡಿಗಳ ಮೇಲೆಲ್ಲ ಕ್ಯೂಆರ್ ಚೀಟಿ ಕಂಡು ಖುಷಿಪಡಬೇಡಿ, ಅದು ಅವರ ದೇಶದ ವ್ಯವಸ್ಥೆ. ಯುಪಿಐಯನ್ನು ಸಿಕ್ಕರೆ ಲಾಭ ಎಂದು ಎಣಿಸಿ, ಅದನ್ನು ನಂಬಿ ನಗದು ಕಡಿಮೆ ಮಾಡಬೇಡಿ.

ಹೋಟೆಲಿನವರು ಠೇವಣಿ ಎಂದು ಕಾರ್ಡಿನಲ್ಲಿ ಹಣ ಹಿಡಿದರು, ಇನ್ನೂ ಬಂದಿಲ್ಲ.

ಅವರು ತೆಗೆದುಕೊಂಡಿಲ್ಲ, ತಡೆಹಿಡಿದಿದ್ದಾರೆ. ಬಿಡುಗಡೆಯಾಗಲು ವಾರಗಳೇ ಹಿಡಿಯಬಹುದು. ಅದಕ್ಕೇ ಹೋಟೆಲ್ ಠೇವಣಿ, ಬಾಡಿಗೆ ಕಾರುಗಳಿಗೆ ಕ್ರೆಡಿಟ್ ಕಾರ್ಡ್ ಕೊಡಬೇಕು. ಫಾರೆಕ್ಸ್ ಕಾರ್ಡ್ ಕೊಟ್ಟರೆ ಪ್ರವಾಸದ ಖರ್ಚಿಗೆಂದು ತುಂಬಿದ ಹಣವೇ ಕಟ್ಟಿಬೀಳುತ್ತದೆ.

## ಅಲ್ಲಿ ಇಳಿದ ಮೇಲೆ

ವಿಮಾನ ನಿಲ್ದಾಣದಲ್ಲೇ ಬದಲಾಯಿಸಿಕೊಂಡರೆ ಏನು ತಪ್ಪು?

ಊರಿಗೆ ಹೋಗಲು ಬೇಕಾಗುವಷ್ಟು ಬದಲಾಯಿಸಿ, ಹೆಚ್ಚು ಬೇಡ. ಸಾಮಾನು ತೆಗೆದುಕೊಂಡು ಹೊರಬರುವ ಜಾಗದಲ್ಲಿರುವ ಕೌಂಟರುಗಳ ದರವೇ ಎಲ್ಲಕ್ಕಿಂತ ಕೆಟ್ಟದ್ದು. ಇದಕ್ಕೊಂದು ಅಪವಾದ ಬ್ಯಾಂಕಾಕಿನ ಸುವರ್ಣಭೂಮಿ ನಿಲ್ದಾಣ. ಅಲ್ಲಿ ಕೆಳ ಅಂತಸ್ತಿಗೆ, ರೈಲು ಹೊರಡುವ ಕಡೆಗೆ ಇಳಿದರೆ ಸಿಗುವ ಖಾಸಗಿ ವಿನಿಮಯ ಅಂಗಡಿಗಳ ದರ ಮೇಲಿನ ಬ್ಯಾಂಕ್ ಕೌಂಟರುಗಳಿಗಿಂತ ಎಷ್ಟೋ ವಾಸಿ. ಸಿಂಗಪುರದಲ್ಲಿ ಮುಸ್ತಫಾ ಸೆಂಟರ್, ರಾಫಲ್ಸ್ ಪ್ಲೇಸಿನ ಆರ್ಕೇಡ್ ಕಟ್ಟಡ ಹಣ ಬದಲಾಯಿಸಲು ಹೆಸರಾದ ಜಾಗಗಳು.

ಬಾಲಿಯಲ್ಲಿ ಒಂದು ಅಂಗಡಿ ಎಲ್ಲರಿಗಿಂತ ಹೆಚ್ಚು ದರ ಬರೆದಿತ್ತು. ಹೋಗಬಹುದೇ?

ಆ ಫಲಕ ಕಂಡರೆ ರಸ್ತೆ ದಾಟಿ ಆಚೆ ನಡೆಯಿರಿ. ಕುಟಾದ ಗಲ್ಲಿಗಳಲ್ಲಿ ಬಟ್ಟೆ ಅಂಗಡಿಯ ಒಳಗೊಂದು ಮೇಜು, ಮೇಲೊಂದು ದೊಡ್ಡ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂರುವವರ ಕೈಚಳಕ ಹಳೆಯದು. ನೀವು 200 ಡಾಲರ್ ಕೊಡುತ್ತೀರಿ. ಅವನು 100,000ದ ಕೆಂಪು ನೋಟುಗಳ ಬದಲು ಬೇಕೆಂದೇ ಸಣ್ಣ ನೋಟುಗಳಲ್ಲಿ ಎಣಿಸುತ್ತಾನೆ. ಮೇಜಿನ ಮೇಲೆ ಸಾಲು ಸಾಲು ರಾಶಿ. ನೀವೂ ಎಣಿಸುತ್ತೀರಿ, ಸರಿಯಿದೆ. ಆಗ ಅವನು ರಾಶಿಗಳನ್ನು ಒಟ್ಟುಗೂಡಿಸಿ, ಮೇಜಿಗೆ ಕುಟ್ಟಿ, ಅಂಚು ಸಮ ಮಾಡಿ ಕೊಡುತ್ತಾನೆ. ಆ ಕುಟ್ಟುವಾಗ ಹಿಂಬದಿಯ ಕೆಲವು ನೋಟುಗಳು ಅವನ ಮಡಿಲಿಗೆ ಜಾರಿರುತ್ತವೆ. ಹೋಟೆಲಿಗೆ ಹೋಗಿ ಎಣಿಸಿದಾಗ ಹತ್ತಾರು ಲಕ್ಷ ರುಪಯದಲ್ಲಿ ಕೆಲವು ಲಕ್ಷ ಕಾಣುವುದಿಲ್ಲ.

ಪರಿಹಾರ ಒಂದೇ: ಕೊನೆಯ ಸಲ ಎಣಿಸಿದ ಕೈ ನಿಮ್ಮದಾಗಿರಬೇಕು. ನೀವು ಎಣಿಸಿದ ಮೇಲೆ ಅವನು ಮುಟ್ಟಿದರೆ ಮತ್ತೆ ಮೊದಲಿನಿಂದ ಎಣಿಸಿ. ಅಷ್ಟರವರೆಗೆ ಡಾಲರ್ ನಿಮ್ಮ ಕೈಯಲ್ಲೇ ಇರಲಿ. ಗಾಜಿನ ಕೌಂಟರ್, ಎಣಿಸುವ ಯಂತ್ರ, ಮುದ್ರಿತ ರಸೀದಿ, ಇಂಡೊನೇಷ್ಯದ ಕೇಂದ್ರ ಬ್ಯಾಂಕಿನ ಪರವಾನಗಿ ಸೂಚಿಸುವ ‘ಬೆರಿಜಿನ್’ ಎಂಬ ಹಸಿರು ಫಲಕ ಇರುವಲ್ಲಿ ದರ ಎರಡು ಕಾಸು ಕಡಿಮೆಯಿದ್ದರೂ ಅಲ್ಲಿಗೇ ಹೋಗಿ.

ವಿಯೆಟ್ನಾಂನ ಚಿನ್ನದಂಗಡಿಗಳಲ್ಲಿ ಒಳ್ಳೆಯ ದರ ಸಿಗುತ್ತದೆ ಎಂದು ಹಲವರು ಸಲಹೆ ಕೊಡುತ್ತಾರೆ. ಹನೋಯ್‌ನ ಹಾ ಚುಂಗ್ ಬೀದಿ ಅದಕ್ಕೇ ಹೆಸರುವಾಸಿ. ಆದರೆ ಪರವಾನಗಿ ಇಲ್ಲದ ಕಡೆ ಬದಲಾಯಿಸುವುದು ಆ ದೇಶದಲ್ಲಿ ಅಪರಾಧ, ದಂಡ ಬದಲಾಯಿಸಿಕೊಂಡವರಿಗೂ ಬೀಳುತ್ತದೆ. ಪರವಾನಗಿ ನೋಡಿ ಒಳಗೆ ಹೋಗಿ.

ಸೊನ್ನೆಗಳ ಲೆಕ್ಕ ತಪ್ಪಿ ಹೋಗುತ್ತದೆ. ಸುಲಭ ದಾರಿ ಇದೆಯೇ?

ಮೂರು ಸೊನ್ನೆ ಕಿತ್ತುಹಾಕಿ. ಉಳಿದ ಅಂಕಿಯನ್ನು ವಿಯೆಟ್ನಾಂನಲ್ಲಿ ಸುಮಾರು ಮೂರೂವರೆಯಿಂದ, ಇಂಡೊನೇಷ್ಯದಲ್ಲಿ ಸುಮಾರು ಐದೂವರೆಯಿಂದ ಗುಣಿಸಿದರೆ ರೂಪಾಯಿ ಬರುತ್ತದೆ. ಈ ಗುಣಕವನ್ನು ಹೊರಡುವ ದಿನ ಒಮ್ಮೆ ಪರಿಷ್ಕರಿಸಿಕೊಳ್ಳಿ. ಬಾಲಿಯ ಊಟದ ಪಟ್ಟಿಗಳಲ್ಲಿ ಅವರೇ ಸೊನ್ನೆ ಬಿಟ್ಟು ‘45 ಕೆ’ ಎಂದು ಬರೆದಿರುತ್ತಾರೆ.

ಲೆಕ್ಕಕ್ಕಿಂತ ಕಣ್ಣೇ ಹೆಚ್ಚು ಮೋಸ ಹೋಗುತ್ತದೆ. ವಿಯೆಟ್ನಾಂನ 20,000 ಮತ್ತು 500,000 ಎರಡೂ ನೀಲಿ ಬಣ್ಣದ ಪಾಲಿಮರ್ ನೋಟುಗಳು, ಎರಡರ ಮೇಲೂ ಹೊ ಚಿ ಮಿನ್ ಮುಖ. ರಾತ್ರಿ ಟ್ಯಾಕ್ಸಿಯೊಳಗಿನ ಮಂದ ಬೆಳಕಿನಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಇಪ್ಪತ್ತೈದು ಪಟ್ಟು ಕೊಟ್ಟಂತಾಯಿತು. 500,000ದ ನೋಟುಗಳನ್ನು ಪರ್ಸಿನ ಬೇರೆ ಅರೆಯಲ್ಲೇ ಇಡಿ.

ನಾಲ್ಕು ಕುಟುಂಬ ಒಟ್ಟಿಗೆ ಹೊರಟಿದ್ದೇವೆ. ಹಣವೆಲ್ಲ ಒಬ್ಬರ ಬಳಿಯೇ ಇದ್ದರೆ ಸುಲಭವಲ್ಲವೇ?

ಸುಲಭ, ಆ ಒಬ್ಬರ ಚೀಲ ಕಳೆಯುವವರೆಗೆ. ಪ್ರವಾಸ ವಿಮೆ ಕಳೆದ ನಗದಿಗೆ ಕೊಡುವುದು ಅಲ್ಪ, ಎಷ್ಟೋ ಪಾಲಿಸಿಗಳಲ್ಲಿ ಏನೂ ಇಲ್ಲ. ಮನೆಗೊಬ್ಬರಂತೆ ಹಂಚಿಕೊಳ್ಳಿ. ಟ್ಯಾಕ್ಸಿ, ಟಿಪ್ಸ್, ನೀರಿನ ಬಾಟಲಿಗಳಿಗೆ ಮಾತ್ರ ಒಂದು ಸಾಮಾನ್ಯ ಪರ್ಸ್ ಮಾಡಿ, ಬರಿದಾದಾಗ ಎಲ್ಲರೂ ಸಮನಾಗಿ ತುಂಬಿ. ಲೆಕ್ಕವನ್ನು ಆ ದೇಶದ ಹಣದಲ್ಲೇ ಬರೆಯಿರಿ. ಒಬ್ಬರು ಕಾರ್ಡಿನ ದರ, ಇನ್ನೊಬ್ಬರು ನಗದಿನ ದರ ಹಿಡಿದು ಊರಿಗೆ ಮರಳಿದ ಮೇಲೆ ಇಪ್ಪತ್ತು ರೂಪಾಯಿಗೆ ಮುಖ ಗಂಟು ಹಾಕಿಕೊಳ್ಳುವುದು ಆಗ ತಪ್ಪುತ್ತದೆ.

ಅಪ್ಪ ಅಮ್ಮ ಟೂರ್ ಕಂಪನಿಯ ಜೊತೆ ಹೋಗುತ್ತಿದ್ದಾರೆ. ಊಟ ವಸತಿ ಎಲ್ಲ ಸೇರಿದೆ, ಅವರಿಗೂ ಹಣ ಕೊಡಬೇಕೇ?

ಖಂಡಿತ. ಗೈಡ್ ಮತ್ತು ಬಸ್ ಚಾಲಕರ ಟಿಪ್ಸ್, ಪಟ್ಟಿಯಲ್ಲಿಲ್ಲದ ಪ್ರವೇಶ ಶುಲ್ಕ, ದಾರಿಯ ಕಾಫಿ ಇವೆಲ್ಲ ಪ್ಯಾಕೇಜಿನ ಹೊರಗೆ. ಬಾಲಿಗಾದರೆ ವೀಸಾಕ್ಕೆ 500,000 ರುಪಯ, 2024ರ ಫೆಬ್ರವರಿಯಿಂದ ಪ್ರವಾಸಿ ಸುಂಕ 150,000 ರುಪಯ. ಇವು ಪ್ಯಾಕೇಜಿನಲ್ಲಿ ಸೇರಿವೆಯೇ ಎಂದು ಬರಹದಲ್ಲಿ ಕೇಳಿ. ಹಿರಿಯರಿಗೆ ಕಾರ್ಡಿನ ಸರ್ಕಸ್ಸು ಬೇಡ ಎನಿಸಿದರೆ ಆ ದೇಶದ ಸಣ್ಣ ನೋಟುಗಳನ್ನು ದಿನಕ್ಕೊಂದು ಲಕೋಟೆಯಂತೆ ಹಾಕಿ ಕೊಡಿ, ಒಂದು ಕಾರ್ಡನ್ನು ಆಪತ್ತಿಗೆಂದು ಅಮ್ಮನ ಬಳಿ ಇಡಿ. ಪಿನ್ನನ್ನು ಮಾತ್ರ ಕಾರ್ಡಿನ ಕವರಿನ ಮೇಲೆ ಬರೆಯಬೇಡಿ. ಬೇರೆಯವರ ವಂಚನೆಯಿಂದ ಹಣ ಹೋದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಹೊಣೆಯಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ನಿಯಮ ಹೇಳುತ್ತದೆ, ಆದರೆ ಪಿನ್ ನಾವೇ ಬಯಲು ಮಾಡಿದ್ದರೆ ಆ ರಕ್ಷಣೆ ಸಿಗುವುದಿಲ್ಲ.

## ಕಾನೂನು, ತೆರಿಗೆ, ಮಿಕ್ಕ ಹಣ

ಒಬ್ಬರು ಎಷ್ಟು ವಿದೇಶಿ ಹಣ ಒಯ್ಯಬಹುದು?

ಹೊರದೇಶಕ್ಕೆ ಹಣ ಒಯ್ಯಲು, ಕಳುಹಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರಿಗೆ ಒಂದು ಆರ್ಥಿಕ ವರ್ಷದಲ್ಲಿ ಎಲ್ಲ ಉದ್ದೇಶಗಳೂ ಸೇರಿ ಎರಡೂವರೆ ಲಕ್ಷ ಡಾಲರ್. ಅದರಲ್ಲಿ ನೋಟಿನ ರೂಪದಲ್ಲಿ ಒಂದು ಪ್ರವಾಸಕ್ಕೆ ಸಿಗುವುದು 3,000 ಡಾಲರ್ ಮಾತ್ರ, ಉಳಿದದ್ದು ಕಾರ್ಡಿನಲ್ಲಿ. ಇರಾನ್, ಇರಾಕ್, ಲಿಬಿಯಾ, ರಷ್ಯಾದಂಥ ಕೆಲವು ದೇಶಗಳಿಗೆ, ಹಜ್ ಯಾತ್ರೆಗೆ ಈ ನೋಟಿನ ಮಿತಿ ಬೇರೆ. ಇಳಿಯುವ ದೇಶಕ್ಕೂ ಅದರದೇ ಗಡಿ ಇದೆ: ವಿಯೆಟ್ನಾಂ 5,000 ಡಾಲರ್ ಮೀರಿದರೆ ಘೋಷಿಸಲು ಹೇಳುತ್ತದೆ, ಯುರೋಪಿನ ಒಕ್ಕೂಟ 10,000 ಯೂರೊ ಮುಟ್ಟಿದರೆ. ರಜೆಗೆ ಹೋಗುವ ಸಾಮಾನ್ಯ ಕುಟುಂಬ ಈ ಗಡಿಗಳ ಹತ್ತಿರವೂ ಸುಳಿಯುವುದಿಲ್ಲ.

ಟಿಸಿಎಸ್ ಎಂದು ಶೇ 20 ಹಿಡಿಯುತ್ತಾರಂತೆ. ಆ ಹಣ ಹೋದ ಹಾಗೆಯೇ?

ಹೋಗುವುದಿಲ್ಲ. ಟಿಸಿಎಸ್ ಎಂದರೆ ಮಾರುವವರು ಮೂಲದಲ್ಲೇ ಹಿಡಿಯುವ ತೆರಿಗೆ, ನೀವು ಮುಂಗಡ ಕಟ್ಟಿದ ತೆರಿಗೆ ಇದ್ದಂತೆ. ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿ, ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಗೆ ವಜಾ ಆಗುತ್ತದೆ ಅಥವಾ ಮರಳಿ ಬರುತ್ತದೆ. ನೀವೇ ಕೊಳ್ಳುವ ವಿದೇಶಿ ಹಣಕ್ಕೆ, ಫಾರೆಕ್ಸ್ ಕಾರ್ಡಿಗೆ, ಹೊರದೇಶದ ಡೆಬಿಟ್ ಕಾರ್ಡ್ ಖರ್ಚಿಗೆ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಟಿಸಿಎಸ್ ಇಲ್ಲ, ಅದನ್ನು ದಾಟಿದ ಮೊತ್ತಕ್ಕೆ ಶೇ 20. ಹೊರದೇಶದಲ್ಲಿ ಕ್ರೆಡಿಟ್ ಕಾರ್ಡ್ ಬಳಸಿದರೆ ಈ ಲೆಕ್ಕಕ್ಕೆ ಬರುವುದಿಲ್ಲ. ವಿಮಾನ, ಹೋಟೆಲ್ ಸೇರಿದ ಟೂರ್ ಪ್ಯಾಕೇಜಿಗೆ ಮಾತ್ರ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಇದೆ. ಅದರ ದರವನ್ನು ಬಜೆಟ್‌ಗಳು ಬದಲಿಸುತ್ತ ಬಂದಿರುವುದರಿಂದ ಹಣ ಕಟ್ಟುವ ದಿನದ ದರ ಕೇಳಿ, ಬಿಲ್ಲಿನಲ್ಲಿ ಅದನ್ನು ಬೇರೆ ಸಾಲಿನಲ್ಲಿ ತೋರಿಸಿದ್ದಾರೆಯೇ ನೋಡಿ. ಆದಾಯ ತೆರಿಗೆಯ ಬಲೆಗೇ ಬರದ ಹಿರಿಯರ ಹೆಸರಿನಲ್ಲಿ ಪ್ಯಾಕೇಜ್ ಕೊಂಡರೆ, ಮರುಪಾವತಿಗಾಗಿಯೇ ಅವರು ರಿಟರ್ನ್ಸ್ ಸಲ್ಲಿಸಬೇಕಾಗುತ್ತದೆ.

ಮುಕ್ತಿನಾಥಕ್ಕೆ ಹೊರಟಿದ್ದೇವೆ. ನೇಪಾಳಕ್ಕೂ ಡಾಲರ್ ಬೇಕೇ?

ಬೇಡ. ನೇಪಾಳ, ಭೂತಾನ್ ಪ್ರವಾಸಕ್ಕೆ ವಿದೇಶಿ ವಿನಿಮಯ ಕೊಡುವುದೇ ಇಲ್ಲ. ಅಲ್ಲಿ ನಮ್ಮ ರೂಪಾಯಿ ನಡೆಯುತ್ತದೆ. ಭೂತಾನಿನ ನುಲ್ಟ್ರಮ್ ರೂಪಾಯಿಗೆ ಸಮ, ನೇಪಾಳದಲ್ಲಿ ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ. ಈ ದರ 1993ರಿಂದ ಬದಲಾಗಿಲ್ಲ, ಯಾರಾದರೂ ಒಂದೂವರೆ ಎಂದರೆ ಒಪ್ಪಬೇಡಿ. ತೊಡಕಿರುವುದು ದೊಡ್ಡ ನೋಟುಗಳಲ್ಲಿ. ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನೇಪಾಳ ವರ್ಷಗಳ ಕಾಲ ನಿಷೇಧಿಸಿತ್ತು. ನಿಯಮ ಸಡಿಲವಾದರೂ ಬೆಟ್ಟದ ಮೇಲಿನ ಚಹಾ ಅಂಗಡಿಯವನು 500ರ ನೋಟನ್ನು ಅನುಮಾನದಿಂದಲೇ ನೋಡುತ್ತಾನೆ. ಬ್ಯಾಂಕಿನಿಂದ 100ರ ಕಟ್ಟುಗಳನ್ನೇ ಪಡೆದು ಹೊರಡಿ. ಪೊಖರಾ ದಾಟಿದ ಮೇಲೆ ಎಟಿಎಂ ಮೇಲೆ ಭರವಸೆ ಬೇಡ.

ಮಿಕ್ಕ ಡಾಲರ್‌ಗಳನ್ನು ಮುಂದಿನ ಪ್ರವಾಸಕ್ಕೆಂದು ಇಟ್ಟುಕೊಳ್ಳಬಹುದೇ? ಮಗ ಅಮೆರಿಕದಿಂದ ಬಂದಾಗ ಕೊಟ್ಟದ್ದೂ ಸ್ವಲ್ಪ ಇದೆ.

ಎರಡೂ ಸೇರಿ 2,000 ಡಾಲರ್ ಮೌಲ್ಯದವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಹುದು. ಅನಿವಾಸಿ ಭೇಟಿಗೆ ಬಂದಾಗ ಕೊಟ್ಟ ಉಡುಗೊರೆಯೂ ಆ ಮಿತಿಯೊಳಗೇ ಬರುತ್ತದೆ. ಅದನ್ನು ಮೀರಿದ ನೋಟುಗಳನ್ನು ಮರಳಿದ 180 ದಿನಗಳೊಳಗೆ ಬ್ಯಾಂಕಿಗೋ ಪರವಾನಗಿ ಇರುವ ಅಂಗಡಿಗೋ ಮಾರಬೇಕು. ಬರುವಾಗ ಕೈಯಲ್ಲಿ 5,000 ಡಾಲರಿಗಿಂತ ಹೆಚ್ಚಿನ ನೋಟುಗಳಿದ್ದರೆ ಕಸ್ಟಮ್ಸ್‌ನಲ್ಲಿ ಘೋಷಣಾ ನಮೂನೆ ತುಂಬಬೇಕು.

ಮಾರುವಾಗ ಕೊಂಡ ದರ ಸಿಗುವುದಿಲ್ಲ. ಹಾಗಾಗಿ ವರ್ಷದೊಳಗೆ ಇನ್ನೊಂದು ಪ್ರವಾಸವಿದ್ದರೆ ಡಾಲರ್ ಉಳಿಸಿಕೊಳ್ಳಿ. ಡಾಂಗ್, ರುಪಯಗಳನ್ನು ಮಾತ್ರ ಆ ದೇಶ ಬಿಡುವ ಮುನ್ನ ಮುಗಿಸಿಬಿಡಿ, ಇಲ್ಲಿ ಅವನ್ನು ಕೇಳುವವರಿಲ್ಲ. ನಾಣ್ಯಗಳನ್ನು ಯಾವ ಕೌಂಟರೂ ತೆಗೆದುಕೊಳ್ಳುವುದಿಲ್ಲ. ಎಷ್ಟಿದ್ದರೂ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯೂ ಇಲ್ಲ. ಜಪಾನಿನ 500 ಯೆನ್ ನಾಣ್ಯಗಳನ್ನು ಕೊನೆಯ ದಿನದ ತಿಂಡಿಗೆ ಖರ್ಚು ಮಾಡಿ.

ಹಳೆಯ ಪ್ರವಾಸದ ಪೌಂಡ್ ನೋಟುಗಳು ಬೀರುವಿನಲ್ಲಿ ಸಿಕ್ಕಿವೆ. ಈಗ ನಡೆಯುತ್ತವೆಯೇ?

ಕಾಗದದ ನೋಟುಗಳಾದರೆ ಅಂಗಡಿಯಲ್ಲಿ ನಡೆಯುವುದಿಲ್ಲ. ಇಂಗ್ಲೆಂಡಿನ ಕಾಗದದ 20, 50 ಪೌಂಡ್ ನೋಟುಗಳ ಚಲಾವಣೆ 2022ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು, 5 ಮತ್ತು 10ರವು ಅದಕ್ಕೂ ಮೊದಲೇ. ಇಲ್ಲಿಯ ವಿನಿಮಯ ಅಂಗಡಿಗಳೂ ಕೊಳ್ಳುವುದಿಲ್ಲ. ಆದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಹಳೆಯ ನೋಟುಗಳನ್ನು ಗಡುವಿಲ್ಲದೆ ಬದಲಾಯಿಸಿ ಕೊಡುತ್ತದೆ. ಲಂಡನ್ನಿಗೆ ಹೋಗುವ ನೆಂಟರಿದ್ದರೆ ಅವರ ಕೈಯಲ್ಲಿ ಕಳುಹಿಸಿ. ಸ್ವಿಟ್ಜರ್ಲೆಂಡಿನಲ್ಲಿ 1976ರಿಂದ ಈಚೆಗೆ ಬಂದ ಸರಣಿಗಳ ಹಳೆಯ ಫ್ರಾಂಕ್ ನೋಟುಗಳಿಗೂ ಅಲ್ಲಿಯ ರಾಷ್ಟ್ರೀಯ ಬ್ಯಾಂಕಿನಲ್ಲಿ ಇದೇ ಸೌಲಭ್ಯ ಇದೆ.